ಮಂಗಳ ಹಾಡಿದ ಮೇಲೆ ಬಸ್ಸಿಲ್ಲ

ತುಳುನಾಡಿನ ಹಬ್ಬಗಳಿಗೆ ರಂಗೇರುವುದು ಕತ್ತಲಾದ ಮೇಲೆ. ಯಕ್ಷಗಾನದ ಆಟವಿರಲಿ, ಭೂತದ ನೇಮವಿರಲಿ, ಜೋಡುಕರೆ ಕಂಬಳವಿರಲಿ, ಧರ್ಮಸ್ಥಳದ ಲಕ್ಷದೀಪವಿರಲಿ, ಎಲ್ಲಕ್ಕೂ ರಾತ್ರಿಯೇ ಬೇಕು. ಬಸ್ಸುಗಳಿಗೆ ಮಾತ್ರ ರಾತ್ರಿ ಬೇಡ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲ್ಲೂಕುಗಳ ಒಳದಾರಿಗಳಲ್ಲಿ ಏಳೂವರೆ-ಎಂಟರ ಹೊತ್ತಿಗೆ ಲಾಸ್ಟ್ ಬಸ್ ದಾಟಿತೆಂದರೆ ಮುಂದಿನದು ಬೆಳಕು ಹರಿದ ಮೇಲೆಯೇ. ಸ್ವಂತ ಕಾರಾಗಲಿ ಬೈಕಾಗಲಿ ಇಲ್ಲದವರು ತಮ್ಮದೇ ಸೀಮೆಯ ಹಬ್ಬಕ್ಕೆ ಹೋಗುವುದು ಹೇಗೆ ಎಂಬ ಪ್ರಶ್ನೆಯನ್ನು ಇಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕಾದವರೆಲ್ಲ ಬಹುಶಃ ಮನೆಯಲ್ಲೇ ಉಳಿದಿದ್ದಾರೆ.

ಹಿಂದೆ ಇದು ತೊಂದರೆಯಾಗಿರಲಿಲ್ಲ. ಲಾಸ್ಟ್ ಬಸ್ಸಿನಲ್ಲಿ ಆಟಕ್ಕೆ ಹೋಗುವುದು, ಬೆಳಗಿನವರೆಗೆ ನೋಡುವುದು, ಭಾಗವತರು ಮಂಗಳ ಹಾಡಿದ ಮೇಲೆ ಫಸ್ಟ್ ಬಸ್ಸು ಹಿಡಿದು ಮರಳುವುದು. ಬಸ್ಸು ಬರುವುದಕ್ಕೂ ಮುಂಚೆ ತೆಂಗಿನ ಗರಿಯ ಸೂಟೆ ಹಿಡಿದು ಗದ್ದೆಯ ಅಂಚಿನಲ್ಲಿ ನಡೆದವರೂ ಬೆಳಕಾದ ಮೇಲೆಯೇ ಹಿಂದಿರುಗುತ್ತಿದ್ದರು. ರಾತ್ರಿಯಿಡೀ ಆಡುವುದು ಸಂಪ್ರದಾಯ ಎನ್ನುತ್ತೇವೆ, ಹೌದು. ಅದರೊಳಗೆ ಪ್ರೇಕ್ಷಕನ ದಾರಿಯ ಲೆಕ್ಕವೂ ಅಡಗಿತ್ತು. ನಡುರಾತ್ರಿಯಲ್ಲಿ ಜನರನ್ನು ಎಬ್ಬಿಸಿ ಕಾಡಿನ ದಾರಿಗೆ ಕಳಿಸುವ ಹಬ್ಬ ಯಾರಿಗೂ ಬೇಕಿರಲಿಲ್ಲ. ಈ ಲೆಕ್ಕಕ್ಕೆ ಆಧಾರವಾಗಿದ್ದದ್ದು ಹಾಲ್ಟ್ ಬಸ್ಸು. ರಾತ್ರಿ ಊರಿನ ಕೊನೆಯ ಸ್ಟಾಪಿಗೆ ಬಂದು ಅಲ್ಲೇ ತಂಗುವ ಬಸ್ಸು, ಅದರ ಡ್ರೈವರು-ಕಂಡಕ್ಟರು ಸೀಟಿನ ಮೇಲೋ ಯಾರದೋ ಜಗಲಿಯಲ್ಲೋ ಮಲಗಿ ನಸುಕಿನಲ್ಲೇ ಹೊರಡಿಸುತ್ತಿದ್ದ ಟ್ರಿಪ್ಪು. ಹತ್ತಿರದಲ್ಲೇ ಆಟವಿದ್ದರೆ ಅವರೂ ಮಲಗುತ್ತಿದ್ದರೋ ಇಲ್ಲವೋ!

ಈಗ ಹಲವು ಮೇಳಗಳ ಆಟದ ಗಡಿಯಾರ ಬದಲಾಗಿದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಕೂಡದು ಎಂದದ್ದು 2000ದ ಶಬ್ದಮಾಲಿನ್ಯ ನಿಯಮ. 2005ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಇನ್ನಷ್ಟು ಬಲ ಕೊಟ್ಟಿತು. ವರ್ಷದಲ್ಲಿ 15 ದಿನಗಳಿಗೆ ಮೀರದಂತೆ, ನಡುರಾತ್ರಿಯವರೆಗೆ ಮಾತ್ರ ವಿನಾಯಿತಿ ಕೊಡುವ ಅವಕಾಶ ಸರ್ಕಾರಕ್ಕಿದೆ. ಧರ್ಮಸ್ಥಳದ ಯಕ್ಷಗಾನ ಮೇಳ ನಡುರಾತ್ರಿಯೊಳಗೆ ಆಟ ಮುಗಿಸುವ ಕಾಲಮಿತಿಗೆ ಮೊದಲೇ ಹೊಂದಿಕೊಂಡಿತ್ತು. 2022ರಲ್ಲಿ ಕಟೀಲಿನ ಮೇಳಗಳೂ ಅದೇ ದಾರಿ ಹಿಡಿಯುವ ತೀರ್ಮಾನವಾದಾಗ ದೊಡ್ಡ ಚರ್ಚೆಯೇ ನಡೆಯಿತು, ವಿರೋಧವೂ ಬಂತು. ಹರಕೆಯ ಪಾವಿತ್ರ್ಯ, ಕಲಾವಿದರ ಆರೋಗ್ಯ, ಪ್ರಸಂಗಗಳನ್ನು ಕತ್ತರಿಸುವುದು ಸರಿಯೇ ತಪ್ಪೇ, ಮರುದಿನ ಕೆಲಸಕ್ಕೆ ಹೋಗುವವರ ಅನುಕೂಲ ಎಲ್ಲವೂ ಮಾತಿಗೆ ಬಂದವು. ರಾತ್ರಿ ಹನ್ನೆರಡೂವರೆಗೆ ಬಯಲಿನಿಂದ ಎದ್ದವರು ಮನೆ ಸೇರುವ ಬಗೆ ನಾನು ಓದಿದ ವಾದಗಳಲ್ಲೆಲ್ಲೂ ಕಾಣಲಿಲ್ಲ.

ಕಾಲಮಿತಿಯನ್ನು ಬೈಯುವುದು ನನ್ನ ಉದ್ದೇಶವಲ್ಲ. ರಾತ್ರಿಯಿಡೀ ಕಿರೀಟ ಹೊತ್ತು ಕುಣಿದು, ಮರುದಿನ ಇನ್ನೊಂದು ಊರಿಗೆ ಹೊರಡಬೇಕಾದ ಕಲಾವಿದರ ಕಷ್ಟ ಸಣ್ಣದಲ್ಲ. ಅಕ್ಕಪಕ್ಕದ ಮನೆಗಳ ರೋಗಿಗಳಿಗೂ ಪರೀಕ್ಷೆಗೆ ಓದುವ ಮಕ್ಕಳಿಗೂ ನಿದ್ದೆ ಬೇಕು. ನನ್ನ ತಕರಾರು ಬೇರೆ. ನಡುರಾತ್ರಿಗೆ ಮುಗಿಯುವ ಹಬ್ಬವು ಮನೆಮನೆಗೂ ವಾಹನ ಬಂದಿದೆ ಎಂಬ ನಂಬಿಕೆಯ ಮೇಲೆ ನಿಂತಿದೆ. ಬಸ್ಸನ್ನೇ ನಂಬಿದವರಿಗೆ ಬೆಳಗಿನವರೆಗಿನ ಆಟಕ್ಕಿಂತ ಅರ್ಧ ರಾತ್ರಿಯ ಆಟವೇ ದೂರದ್ದು. ಆಮಂತ್ರಣ ಪತ್ರಿಕೆಗಳ ಕೆಳಗೆ ‘ವಾಹನ ನಿಲುಗಡೆಗೆ ವ್ಯವಸ್ಥೆ ಇದೆ’ ಎಂದು ಅಚ್ಚಾಗುತ್ತದೆ. ಕೊಯ್ಲಾದ ಗದ್ದೆಗಳನ್ನು ಸಮತಟ್ಟು ಮಾಡಿ, ಟ್ಯೂಬ್‌ಲೈಟ್ ಕಟ್ಟಿ, ಸ್ವಯಂಸೇವಕರನ್ನು ನಿಲ್ಲಿಸುತ್ತಾರೆ. ಇಂತಿಂಥ ಬಸ್ಸು ಇಷ್ಟು ಹೊತ್ತಿಗಿದೆ ಎಂಬ ಒಂದು ಸಾಲು ಅದರ ಪಕ್ಕದಲ್ಲಿ ಕಾಣಿಸುವುದು ಅಪರೂಪ.

ಮನೆಯಲ್ಲಿ ಉಳಿದವರು ಯಾರು? ಮಗ ಬೆಂಗಳೂರಿನಲ್ಲೋ ಗಲ್ಫಿನಲ್ಲೋ ಇರುವ ಮನೆಯ ಹಿರಿಯರು, ಗಂಡಸರ ಬೈಕಿನ ಹಿಂದಿನ ಸೀಟು ಸಿಕ್ಕರೆ ಮಾತ್ರ ಹೊರಡಬಲ್ಲ ಹೆಂಗಸರು, ಬೀಡಿ ಕಟ್ಟಿ ದಿನ ದೂಡುವವರು, ಮೂಡುಬಿದಿರೆ-ಉಜಿರೆಯ ಹಾಸ್ಟೆಲುಗಳಲ್ಲಿರುವ ಹೊರಜಿಲ್ಲೆಗಳ ವಿದ್ಯಾರ್ಥಿಗಳು. ರಾತ್ರಿ ಹೊತ್ತು ರಿಕ್ಷಾದ ಬಾಡಿಗೆ ಏರುತ್ತದೆ; ಬಯಲಿನಿಂದ ಖಾಲಿ ಮರಳಬೇಕಾದ ರಿಕ್ಷಾದವರನ್ನು ದೂರಿ ಪ್ರಯೋಜನವಿಲ್ಲ.

ಕಂಬಳದ ಕಥೆ ಸ್ವಲ್ಪ ಭಿನ್ನ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನಿಂದ ನಿಂತು, 2017ರ ರಾಜ್ಯ ತಿದ್ದುಪಡಿಯಿಂದ ಮತ್ತೆ ಚೇತರಿಸಿಕೊಂಡು, 2023ರ ಮೇ 18ರಂದು ಸಂವಿಧಾನ ಪೀಠದಿಂದ ಮಾನ್ಯತೆ ಪಡೆದ ಕ್ರೀಡೆ ಇದು. ಮೂಡುಬಿದಿರೆ ಕಡಲಕೆರೆಯ ಕೋಟಿ-ಚೆನ್ನಯ ಕಂಬಳಕ್ಕೆ ಪೇಟೆ ಹತ್ತಿರ. ಕಕ್ಯಪದವಿನ ಸತ್ಯ-ಧರ್ಮ ಕಂಬಳವೋ ಬಂಟ್ವಾಳ-ಬೆಳ್ತಂಗಡಿ ಗಡಿಯ ಹೊಕ್ಕಾಡಿಗೋಳಿಯ ವೀರ-ವಿಕ್ರಮ ಕಂಬಳವೋ ಆದರೆ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು. ಬೆಳಗ್ಗೆ ಶುರುವಾದ ಓಟ ರಾತ್ರಿ ದಾಟಿ ಮರುದಿನಕ್ಕೆ ಚಾಚಿಕೊಳ್ಳುವುದರಿಂದ, ಫೈನಲ್ ನೋಡಿದವನಿಗೆ ಫಸ್ಟ್ ಬಸ್ಸು ಸಿಗುತ್ತದೆ. ಹಳೆಯ ಲೆಕ್ಕ ಇಲ್ಲಿ ಉಳಿದಿದೆ, ಅದೂ ಯೋಜನೆಯಿಂದಲ್ಲ, ತಡವಾಗುವುದರಿಂದ. 24 ಗಂಟೆಯೊಳಗೆ ಮುಗಿಸಬೇಕೆಂಬ ಒತ್ತಾಯ ಹೆಚ್ಚಾಗುತ್ತಿದೆ. ಕೋಣಗಳ ಹಿತಕ್ಕೆ ಅದು ಒಳ್ಳೆಯದೇ. ಮುಗಿಯುವ ಹೊತ್ತು ಯಾವುದು ಎಂಬುದು ಮಾತ್ರ ಬಸ್ಸಿನವರನ್ನೂ ಕೇಳಿ ನಿರ್ಧಾರವಾಗಲಿ.

ದೂರದವರಿಗೆ ಈ ಸೀಮೆ ದುರ್ಗಮವೇನಲ್ಲ ಎಂಬುದೇ ಇಲ್ಲಿನ ವಿಚಿತ್ರ. ಘಟ್ಟದ ಬುಡದ ಧರ್ಮಸ್ಥಳದಲ್ಲಿ ಕೆಎಸ್‌ಆರ್‌ಟಿಸಿಯ ಡಿಪೊ ಇದೆ; ಬೆಂಗಳೂರಿನಲ್ಲಿ ರಾತ್ರಿ ಬಸ್ಸು ಹತ್ತಿದವರು ಬೆಳಗ್ಗೆ ನೇತ್ರಾವತಿಯಲ್ಲಿ ಮುಳುಗೇಳಬಹುದು. ಕಾರ್ತಿಕದ ಲಕ್ಷದೀಪೋತ್ಸವಕ್ಕೆ ಬಂದವರಿಗೆ ಊಟವಿದೆ, ತಂಗಲು ಜಾಗವಿದೆ, ಸರ್ವಧರ್ಮ ಸಮ್ಮೇಳನ ಮುಗಿದ ಮೇಲೆ ಊರಿಗೆ ಬಸ್ಸಿದೆ. ಶಿವರಾತ್ರಿಗೆ ಚಾರ್ಮಾಡಿ ಘಾಟಿ ಇಳಿದು ನೂರಾರು ಕಿಲೋಮೀಟರ್ ನಡೆದೇ ಬರುವವರಿಗೂ ದಾರಿಯುದ್ದಕ್ಕೆ ಮಜ್ಜಿಗೆ, ಕಲ್ಲಂಗಡಿ ಸಿಗುತ್ತದೆ. ಅದೇ ಬೆಳ್ತಂಗಡಿ ತಾಲ್ಲೂಕಿನ ವೇಣೂರಿನವರು ಸುಮಾರು 20 ಕಿಲೋಮೀಟರ್ ದೂರದ ಮೂಡುಬಿದಿರೆಗೆ ಹೋಗಿ ಆಳ್ವಾಸ್ ವಿರಾಸತ್ ಎಂಬ ಸಾಂಸ್ಕೃತಿಕ ಉತ್ಸವದ ರಾತ್ರಿ ಕಛೇರಿ ಕೊನೆಯವರೆಗೆ ಕೇಳಿ ಬರಬೇಕೆಂದರೆ ಗೊತ್ತಿರುವವರ ಕಾರಿನಲ್ಲಿ ಜಾಗ ಹುಡುಕಬೇಕು.

ಇದಕ್ಕೆ ಕಾರಣ ಬಸ್ಸುಗಳ ಚರಿತ್ರೆಯಲ್ಲಿದೆ. ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬಸ್ಸೆಂದರೆ ಖಾಸಗಿ. ಸಿಪಿಸಿ, ಹನುಮಾನ್, ಶಂಕರ ವಿಠಲ್ ಎಂಬ ಹೆಸರುಗಳು ಹಿರಿಯರ ಬಾಯಲ್ಲಿ ಇನ್ನೂ ಇವೆ. ಧರ್ಮಸ್ಥಳದ ದಾರಿಯಲ್ಲಿ ಸರ್ಕಾರಿ ಬಸ್ಸು ಬಲವಾಯಿತು, ಮಂಗಳೂರು-ಮೂಡುಬಿದಿರೆ-ಕಾರ್ಕಳದ ದಾರಿ ತೀರಾ ಈಚಿನವರೆಗೂ ಹೆಚ್ಚುಕಡಿಮೆ ಪೂರ್ತಿ ಖಾಸಗಿಯವರದಾಗಿತ್ತು. ಖಾಸಗಿಯವರು ಹಗಲಿನಲ್ಲಿ ಕೊಡುವ ಸೇವೆ ಸರ್ಕಾರಿಯವರಿಗೂ ಪಾಠವಾಗುವಂಥದ್ದು. ನಿಮಿಷಗಳಿಗೆ ಜಗಳವಾಡಿ ಟೈಮಿಂಗ್ಸ್ ಕಾಯುವವರು ಅವರು. ಆದರೆ ಲಾಭವಿಲ್ಲದ ಹೊತ್ತಿನಲ್ಲಿ ಓಡುವ ಹಂಗು ಅವರಿಗಿಲ್ಲ. 2023ರ ಜೂನ್ 11ರಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಶಕ್ತಿ ಯೋಜನೆ ಆರಂಭವಾದಾಗ ಸರ್ಕಾರಿ-ಖಾಸಗಿ ನಡುವಿನ ಈ ಗೆರೆ ಇನ್ನಷ್ಟು ಎದ್ದು ಕಂಡಿತು. ಹಾವೇರಿಯಿಂದ ಧರ್ಮಸ್ಥಳಕ್ಕೆ ಹೆಂಗಸರು ಉಚಿತವಾಗಿ ಬಂದರು. ಖಾಸಗಿ ಬಸ್ಸಷ್ಟೇ ಓಡುವ ಊರಿನ ಹೆಂಗಸರು ಪಕ್ಕದೂರಿನ ಜಾತ್ರೆಗೂ ಟಿಕೆಟ್ ಕೊಟ್ಟೇ ಹೋದರು.

ಪೊಳಲಿಯ ಉದಾಹರಣೆ ಇನ್ನೂ ಚುರುಕಾದದ್ದು. ಬಂಟ್ವಾಳ ತಾಲ್ಲೂಕಿನ ರಾಜರಾಜೇಶ್ವರಿಯ ಜಾತ್ರೆ ಮಾರ್ಚ್ ನಡುವಿನಲ್ಲಿ ಶುರುವಾಗಿ ಹೆಚ್ಚುಕಡಿಮೆ ತಿಂಗಳು ನಡೆಯುತ್ತದೆ, ಪೊಳಲಿ ಚೆಂಡು ಎಂಬ ಚೆಂಡಾಟಕ್ಕೆ ಸುತ್ತಲಿನ ಊರುಗಳೆಲ್ಲ ಸೇರುತ್ತವೆ. ಪೊಳಲಿಯ ದಾರಿಯಲ್ಲಿ ಫಲ್ಗುಣಿ ನದಿಗೆ ಕಟ್ಟಿದ ಅಡ್ಡೂರು ಸೇತುವೆ ದುರ್ಬಲವೆಂದು 2024ರ ಆಗಸ್ಟ್‌ನಲ್ಲಿ ಘನ ವಾಹನಗಳನ್ನು ನಿಷೇಧಿಸಿದಾಗ ಬಸ್ಸು ಈಚೆಗೇ ನಿಂತಿತು. ಪ್ರಯಾಣಿಕರು ಸೇತುವೆಯನ್ನು ನಡೆದು ದಾಟಿ ಆಚೆ ಇನ್ನೊಂದು ಬಸ್ಸು ಹಿಡಿಯಬೇಕಾಯಿತು. ಕಾರುಗಳು ಸಲೀಸಾಗಿ ದಾಟಿದವು. ಸೇತುವೆಯ ಸುರಕ್ಷತೆಗೆ ಆ ನಿಷೇಧ ಸರಿಯೇ. ನಿಷೇಧದ ಭಾರ ಯಾರ ಕಾಲಿನ ಮೇಲೆ ಬಿತ್ತು ಎಂಬುದನ್ನು ನೋಡಬೇಕು. ರೈಲನ್ನು ನಂಬೋಣವೆಂದರೆ ಮೂರು ತಾಲ್ಲೂಕುಗಳಿಗೆ ಸೇರಿ ಹೆಚ್ಚುಕಡಿಮೆ ಬಿ.ಸಿ. ರೋಡಿನ ಬಂಟ್ವಾಳ ನಿಲ್ದಾಣವೇ ಗತಿ. ಬೆಳ್ತಂಗಡಿಗೂ ಮೂಡುಬಿದಿರೆಗೂ ಹಳಿಯೇ ಇಲ್ಲ.

ಬೇರೆ ಕಡೆ ಏನು ಮಾಡುತ್ತಾರೆ? ಅಮೆರಿಕದ ನೆವಾಡಾದ ಬ್ಲ್ಯಾಕ್ ರಾಕ್ ಮರುಭೂಮಿಯಲ್ಲಿ ಬರ್ನಿಂಗ್ ಮ್ಯಾನ್ ಎಂಬ ಉತ್ಸವಕ್ಕೆ 70 ಸಾವಿರದಷ್ಟು ಜನ ಸೇರುತ್ತಾರೆ. ಸುತ್ತ ಪೇಟೆಯೂ ಇಲ್ಲ, ನೀರೂ ಇಲ್ಲ. ಅಲ್ಲಿ ಕಾರು ತರುವವರು ಟಿಕೆಟ್ಟಿನ ಮೇಲೆ ವಾಹನಕ್ಕೆ ಬೇರೆಯೇ ಪಾಸು ಕೊಳ್ಳಬೇಕು. ರೆನೊ, ಸ್ಯಾನ್‌ಫ್ರಾನ್ಸಿಸ್ಕೊಗಳಿಂದ ಉತ್ಸವದವರೇ ಏರ್ಪಡಿಸಿದ ಬಸ್ಸಿನಲ್ಲಿ ಬಂದವರು ಗಂಟೆಗಟ್ಟಲೆಯ ವಾಹನಸಾಲನ್ನು ತಪ್ಪಿಸಿ ಒಳಹೋಗುತ್ತಾರೆ. ಅಷ್ಟು ದೂರ ಯಾಕೆ, ಶಬರಿಮಲೆಯಲ್ಲಿ 2018ರ ಪ್ರವಾಹದ ನಂತರ ಖಾಸಗಿ ವಾಹನಗಳನ್ನು ನಿಲಕ್ಕಲ್‌ನಲ್ಲಿ ತಡೆದು ಅಲ್ಲಿಂದ ಪಂಪೆಗೆ ಕೇರಳದ ಸರ್ಕಾರಿ ಬಸ್ಸುಗಳನ್ನು ಸರಣಿಯಾಗಿ ಓಡಿಸಿದರು. ಎರಡೂ ಕಡೆ ಬಸ್ಸಿಗೆ ಮೊದಲ ಮಣೆ. ನಮ್ಮ ಕಂಬಳಗದ್ದೆಯ ದಾರಿಯಲ್ಲಿ ವಿಐಪಿ ಕಾರಿಗೆ ದಾರಿ ಬಿಡಿಸುತ್ತಾರೆ, ಬಸ್ಸು ಸಾಲಿನಲ್ಲಿ ಕಾಯುತ್ತದೆ.

ಹೊಸ ಕಾನೂನೇನೂ ಬೇಕಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 87ನೇ ಸೆಕ್ಷನ್ ಜಾತ್ರೆ, ಧಾರ್ಮಿಕ ಸಮಾವೇಶಗಳಿಗೆ ಜನರನ್ನು ಒಯ್ಯಲು ನಾಲ್ಕು ತಿಂಗಳು ಮೀರದ ತಾತ್ಕಾಲಿಕ ಪರ್ಮಿಟ್ ಕೊಡಬಹುದು ಎನ್ನುತ್ತದೆ. ಖಾಸಗಿ ಬಸ್ಸಿನವರ ಆಕ್ಷೇಪ ನ್ಯಾಯವಾದದ್ದು: ಹನ್ನೆರಡೂವರೆಯ ಟ್ರಿಪ್ಪಿಗೆ ಒಂದು ದಿಕ್ಕಿನಲ್ಲಿ ಮಾತ್ರ ಜನ, ಡೀಸೆಲ್ಲಿಗೆ ಎರಡು ದಿಕ್ಕು, ಸಿಬ್ಬಂದಿಗೆ ಬೇರೆ ಭತ್ತೆ. ಆ ನಷ್ಟ ತುಂಬಿಕೊಡುವುದು ಹಬ್ಬ ನಡೆಸುವ ಸಮಿತಿಗಳ ಕೈಮೀರಿದ್ದಲ್ಲ. ಚಪ್ಪರಕ್ಕೆ, ಪಟಾಕಿಗೆ, ಫ್ಲೆಕ್ಸಿಗೆ ದಾನಿಗಳು ಸಿಗುತ್ತಾರೆ, ಎರಡು ಬಸ್ಸಿನ ಬಾಡಿಗೆಗೆ ಸಿಗಲಾರರೇ? ಮೂಡುಬಿದಿರೆ, ಉಜಿರೆಗಳ ಕಾಲೇಜುಗಳ ಹಳದಿ ಬಸ್ಸುಗಳು ಸಂಜೆಯಿಂದ ಬೆಳಗಿನವರೆಗೆ ಸಾಲಾಗಿ ನಿಂತಿರುತ್ತವೆ. ಚುನಾವಣೆ ಬಂದರೆ ಜಿಲ್ಲಾಡಳಿತಕ್ಕೆ ಇವು ನೆನಪಾಗುತ್ತವೆ. ಜಾತ್ರೆಗೆ ಪರ್ಮಿಟ್ಟಿನ ಷರತ್ತು ಅಡ್ಡ ಬಂದರೆ ಅದನ್ನು ಬಿಡಿಸುವ ಅಧಿಕಾರಿಗಳೂ ಇದೇ ಜಿಲ್ಲೆಯಲ್ಲಿದ್ದಾರೆ.

ದಿನ ಗೊತ್ತಿರಲಿಲ್ಲ ಎಂಬ ನೆವ ಇಲ್ಲಿ ನಡೆಯದು. ಕಂಬಳಗಳ ಪಟ್ಟಿ ಋತು ಶುರುವಾಗುವ ಮುಂಚೆಯೇ ಹೊರಬೀಳುತ್ತದೆ. ಕಟೀಲಿನ ಹರಕೆ ಆಟಗಳು ವರ್ಷಗಟ್ಟಲೆ ಮೊದಲೇ ಬುಕ್ ಆಗಿರುತ್ತವೆ. ವೇಣೂರಿನಲ್ಲಿ 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಬಾಹುಬಲಿಗೆ ಮಹಾಮಸ್ತಕಾಭಿಷೇಕ 12 ವರ್ಷಕ್ಕೊಮ್ಮೆ ನಡೆಯುತ್ತದೆ. 2012ರಲ್ಲಿ ಆಯಿತು, 2024ರಲ್ಲಿ ಆಯಿತು, ಮುಂದಿನ ಸರದಿ ಬರುವುದು 2036ಕ್ಕೆ. ಧ್ವನಿವರ್ಧಕಕ್ಕೆ ಪೊಲೀಸರ ಅನುಮತಿ ಕೇಳುವ ಅರ್ಜಿಯ ಜೊತೆಗೆ ಸಮಿತಿಗಳು ಆರ್‌ಟಿಒಗೆ ಇನ್ನೊಂದು ಅರ್ಜಿ ಕೊಟ್ಟರೆ ಆಯಿತು: ಮಂಗಳ ಇಷ್ಟು ಹೊತ್ತಿಗೆ, ಅರ್ಧ ಗಂಟೆಯ ನಂತರ ಬಿ.ಸಿ. ರೋಡಿಗೊಂದು, ಗುರುವಾಯನಕೆರೆಗೊಂದು, ಮೂಡುಬಿದಿರೆಗೊಂದು ಬಸ್ಸು.