ಕಟ್ಟೋದಾ, ಬಿಡೋದಾ?

ಇಲ್ಲಿ ಬರೆಯದೆ ತುಂಬಾ ದಿನ ಆಯ್ತು. ಕೆಲಸ, ಮನೆ, ಅದಕ್ಕಿಂತ ಹೆಚ್ಚಾಗಿ ಸೋಮಾರಿತನ... ಅದಿರಲಿ. ಇವತ್ತು ಕೂತು ಬರೆಯೋಕೆ ಕಾರಣ 2025ರ ನವೆಂಬರಿನಲ್ಲಿ ಮೊಬೈಲಿಗೆ ಬಂದ ಒಂದು ಮೆಸೇಜು. ಆವತ್ತಿನಿಂದ ತಲೆ ಕೊರೀತಾನೇ ಇದೆ. ಅಪ್ಪ ಅಮ್ಮನ ಆರೋಗ್ಯ ವಿಮೆಯ ರಿನ್ಯೂವಲ್, ಕಟ್ಟಬೇಕಾದ ಮೊತ್ತ 53,900 ರೂಪಾಯಿ.

ಹಿಂದಿನ ವರ್ಷ ಕಟ್ಟಿದ್ದು 48,380. ಅದರಲ್ಲಿ ಪ್ರೀಮಿಯಂ 41,000, ಅದರ ಮೇಲೆ ಶೇ. 18 ಜಿಎಸ್‌ಟಿ 7,380. ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಪೂರ್ತಿ ತೆಗೆದರಲ್ಲ, ಈ ಸಲ ಏಳು ಸಾವಿರ ಉಳಿಯಿತು ಅಂತ ನಾನು ಖುಷಿಯಲ್ಲಿದ್ದೆ. ಹೆಂಡತಿಗೂ ಹೇಳಿಬಿಟ್ಟಿದ್ದೆ. ತೆರಿಗೆ ಹೋದಮೇಲೂ ಐದೂವರೆ ಸಾವಿರ ಜಾಸ್ತಿ ಬಂದಿದೆ!

ಏಜೆಂಟರಿಗೆ ಫೋನ್ ಮಾಡಿದೆ. "ತಂದೆಯವರಿಗೆ 66 ಆಯ್ತಲ್ಲ ಸಾರ್, ಸ್ಲ್ಯಾಬ್ ಬದಲಾಯ್ತು" ಅಂದರು. ಒಂದೇ ಪಾಲಿಸಿಯಲ್ಲಿ ಇಬ್ಬರೂ ಇದ್ದರೆ ದೊಡ್ಡವರ ವಯಸ್ಸಿಗೆ ದರ ಹಾಕುತ್ತಾರಂತೆ. ಅಮ್ಮನಿಗಿನ್ನೂ 61. ಅಪ್ಪನ ವಯಸ್ಸಿನ ದಂಡ ಅಮ್ಮನಿಗೂ ಬಿತ್ತು. ಹಿರಿಯ ನಾಗರಿಕರ ಪ್ರೀಮಿಯಂ ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸುವ ಮುಂಚೆ ತನ್ನನ್ನು ಕೇಳಬೇಕು ಅಂತ ವಿಮಾ ನಿಯಂತ್ರಣ ಪ್ರಾಧಿಕಾರ 2025ರ ಜನವರಿಯಲ್ಲಿ ಆದೇಶ ಮಾಡಿತ್ತಲ್ಲ ಅಂದೆ. "ಅದು ದರ ಏರಿಸೋಕೆ ಸಾರ್, ವಯಸ್ಸು ಏರಿದ್ದಕ್ಕಲ್ಲ" ಅಂದರು ಪುಣ್ಯಾತ್ಮರು. ವಯಸ್ಸು ನಾವೇ ಏರಿಸಿಕೊಂಡೆವು ಅನ್ನೋ ಹಾಗೆ :)

ಅಪ್ಪ ತಿಪಟೂರಿನಲ್ಲಿ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದವರು. ಪೆನ್ಷನ್ ಇಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, 2012ರಲ್ಲಿ, ಈ ಪಾಲಿಸಿ ಮಾಡಿಸಿದೆ. ಐದು ಲಕ್ಷಕ್ಕೆ ವರ್ಷಕ್ಕೆ ಹದಿನಾಲ್ಕು ಸಾವಿರದ ಹತ್ತಿರ. ನನ್ನ ಕಂಪನಿಯ ವಿಮೆಯಲ್ಲಿ ಹೆಂಡತಿ ಮಕ್ಕಳಿಗಷ್ಟೇ ಜಾಗ. ಹದಿಮೂರು ವರ್ಷದಲ್ಲಿ ಹತ್ತಿರಹತ್ತಿರ ಮೂರೂವರೆ ಲಕ್ಷ ಕಟ್ಟಿದ್ದೇವೆ. ದೇವರ ದಯೆ, ಒಂದು ಸಲವೂ ಕ್ಲೈಮ್ ಮಾಡಿಲ್ಲ. ಅದಕ್ಕೆ ಬೋನಸ್ ಸೇರಿ ಐದು ಲಕ್ಷ ಏಳೂವರೆ ಆಗಿದೆ, ನಿಜ. ಆದರೆ ಪ್ರೀಮಿಯಂ ಸುಮಾರು ನಾಲ್ಕು ಪಟ್ಟಾಗಿದೆ.

ಮೆಸೇಜಿನ ವಿಷಯ ಹೇಳಿದ್ದಕ್ಕೆ ಅಪ್ಪ "ಕಟ್ಬೇಡ ಬಿಡೋ. ಆ ದುಡ್ಡು ಪೋಸ್ಟ್ ಆಫೀಸಲ್ಲಿಟ್ಟಿದ್ರೆ ಆಗ್ತಿರ್ಲಿಲ್ವಾ?" ಅಂದರು. ಮಂಡಿ ಲೆಕ್ಕದವರು, ಅವರ ಲೆಕ್ಕ ತಪ್ಪು ಅನ್ನೋದು ಕಷ್ಟ. ಆದರೆ ನಮ್ಮ ಬೀದಿಯಲ್ಲೇ ಒಬ್ಬರು ಹಾಗೇ ಪಾಲಿಸಿ ಬಿಟ್ಟರು, ಮರುವರ್ಷ ಎರಡು ಸ್ಟೆಂಟ್ ಹಾಕಿಸುವಷ್ಟರಲ್ಲಿ ಸೈಟು ಮಾರಿದರು. ಆಗ ನಾನೇ ಅವರ ಜೊತೆ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರಿನಲ್ಲಿ ನಿಂತಿದ್ದೆ. ಅದು ಕಣ್ಣಿಂದ ಹೋಗೋದಿಲ್ಲ.

ನನಗೆ ಸಿಟ್ಟು ಬರೋದು ಮೊತ್ತಕ್ಕಲ್ಲ. ವಯಸ್ಸಾದವರಿಗೆ ಕಾಯಿಲೆ ಹೆಚ್ಚು, ಖರ್ಚು ಹೆಚ್ಚು, ಒಪ್ಪಿದೆ. ಆಸ್ಪತ್ರೆಗಳ ದರ ಏರಿದರೆ ವಿಮೆಯೂ ಏರುತ್ತೆ, ಅದನ್ನೂ ಒಪ್ಪಿದೆ. ಆದರೆ ಅಪ್ಪ ಗಟ್ಟಿಯಾಗಿದ್ದ ಆ ಹದಿಮೂರು ವರ್ಷ ಎಲ್ಲಿ ಹೋಯಿತು? ಈ ಪಾಲಿಸಿ ಒಂದೊಂದು ವರ್ಷದ ಒಪ್ಪಂದ. ಪ್ರತಿ ನವೆಂಬರಿಗೂ ಲೆಕ್ಕ ಸೊನ್ನೆಯಿಂದ ಶುರು. ದುಡಿಯುವ ಕಾಲದಲ್ಲಿ ಕಡಿಮೆ, ದುಡಿಮೆ ನಿಂತಮೇಲೆ ಜಾಸ್ತಿ. ಜರ್ಮನಿಯ ಖಾಸಗಿ ಆರೋಗ್ಯ ವಿಮೆಯಲ್ಲಿ ಚಿಕ್ಕ ವಯಸ್ಸಿನವರ ಕಂತಿನಲ್ಲಿ ಒಂದು ಪಾಲನ್ನು ಅವರ ಮುಪ್ಪಿನ ಕಾಲಕ್ಕೆ ಅಂತ ತೆಗೆದಿಡಲೇಬೇಕು ಎಂಬ ಕಾನೂನಿದೆ. ಅಲ್ಲೂ ಪ್ರೀಮಿಯಂ ಏರೋದು ನಿಂತಿಲ್ಲ, ಆದರೂ ಆ ಹಣಕ್ಕೊಂದು ಲೆಕ್ಕವಾದರೂ ಇದೆ. ನಮ್ಮಲ್ಲಿ ಕನಿಷ್ಠ ಹತ್ತು ವರ್ಷ ಬಿಡದೆ ಕಟ್ಟಿದವರಿಗೆ ಸ್ಲ್ಯಾಬಿನ ಏಟು ಕಡಿಮೆ ಮಾಡಬಾರದೇ?

ಬೇರೆ ಕಂಪನಿಗೆ ಹೋಗಬಹುದಲ್ಲ ಅಂತ ನೀವು ಕೇಳಬಹುದು. 2011ರಿಂದ ಪೋರ್ಟ್ ಮಾಡೋ ಅವಕಾಶ ಇದೆ, ಕಾದ ವರ್ಷಗಳ ಲೆಕ್ಕವೂ ಜೊತೆಗೆ ಬರುತ್ತೆ. ಆದರೆ ತೆಗೆದುಕೊಳ್ಳೋದು ಬಿಡೋದು ಹೊಸ ಕಂಪನಿಯ ಇಷ್ಟ. ಅಪ್ಪನಿಗೆ ಶುಗರ್ ಇದೆ, ಬಿಪಿ ಇದೆ. ನಾನು ಎರಡು ಕಡೆ ಕೇಳಿದೆ. ಒಂದು ಕಡೆ ಆಗಲ್ಲ ಅಂದರು, ಇನ್ನೊಂದು ಕಡೆ ಉತ್ತರವೇ ಬರಲಿಲ್ಲ. ಬಿಟ್ಟು ಹೊಸದಾಗಿ ಮಾಡಿಸಿದರೆ ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು. ಅಂದರೆ ಎಷ್ಟು ಕೇಳಿದರೂ ನಾವು ಬಿಡೋ ಹಾಗಿಲ್ಲ. ಅದು ಅವರಿಗೂ ಗೊತ್ತು.

ಸರ್ಕಾರದ್ದು? ಅಮ್ಮನಿಗೆ ಯಶಸ್ವಿನಿ ನೆನಪಾಯಿತು. 2003ರಲ್ಲಿ ಶುರುವಾದಾಗ ಸಹಕಾರ ಸಂಘದ ಸದಸ್ಯರಿಗೆ ತಲೆಗೆ ವರ್ಷಕ್ಕೆ 60 ರೂಪಾಯಿ! 2018ರಲ್ಲಿ ಆರೋಗ್ಯ ಕರ್ನಾಟಕದ ಜೊತೆ ಸೇರಿಸಿ ನಿಲ್ಲಿಸಿದರು, 2022ರಲ್ಲಿ ಮತ್ತೆ ತಂದರು. ನಾವು ಈಗ ಯಾವ ಸಂಘದಲ್ಲೂ ಇಲ್ಲ. ನಮ್ಮದು ಎಪಿಎಲ್ ಕಾರ್ಡು, ಆರೋಗ್ಯ ಕರ್ನಾಟಕದಲ್ಲಿ ಸರ್ಕಾರದ ಪ್ಯಾಕೇಜ್ ದರದ ಶೇ. 30 ಮಾತ್ರ ಸಿಗುತ್ತೆ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯೊಳಗೆ. 70 ದಾಟಿದವರಿಗೆಲ್ಲ ಆದಾಯ ನೋಡದೆ ಐದು ಲಕ್ಷದ ಆಯುಷ್ಮಾನ್ ಅಂತ ಕೇಂದ್ರ ಸರ್ಕಾರ 2024ರ ಅಕ್ಟೋಬರಿನಲ್ಲಿ ಶುರು ಮಾಡಿತು. ಅಪ್ಪನಿಗೆ ಇನ್ನೂ ನಾಲ್ಕು ವರ್ಷ ಬೇಕು, ಅಮ್ಮನಿಗೆ ಒಂಬತ್ತು. ಅತ್ತ ಬಡವರ ಪಟ್ಟಿಯಲ್ಲೂ ಇಲ್ಲ, ಇತ್ತ ಕಂಪನಿ ವಿಮೆಯೂ ಇಲ್ಲ. ಆದಾಯ ತೆರಿಗೆಯಲ್ಲಿ 80ಡಿ ವಿನಾಯಿತಿ ಸಿಗುತ್ತಲ್ಲ ಅನ್ನಬೇಡಿ, ಹೊಸ ಪದ್ಧತಿಯಲ್ಲಿ ಅದೂ ಇಲ್ಲ.

ಕೊನೆಗೆ ಗಡುವಿಗೆ ಎರಡು ದಿನ ಇರುವಾಗ ಕಟ್ಟಿದೆ. ಮಗಳನ್ನು ಈಜು ಕ್ಲಾಸಿಗೆ ಸೇರಿಸಬೇಕೆಂದಿದ್ದ ದುಡ್ಡೂ ಅದರಲ್ಲಿ ಹೋಯಿತು. ಅಪ್ಪನಿಗೆ ಮೊತ್ತ ಹೇಳಲಿಲ್ಲ, ಸ್ವಲ್ಪ ಕಡಿಮೆ ಆಯ್ತು ಅಂತ ಸುಳ್ಳು ಹೇಳಿದೆ. ಮರುದಿನ ಅವರ ಅಕೌಂಟಿನಿಂದ ನನಗೆ ಹತ್ತು ಸಾವಿರ ಬಂತು. ಹಿತ್ತಲಿನ ನಾಲ್ಕು ಮರದ ಕಾಯಿ ಮಾರಿದ್ದಂತೆ. ನಾಲ್ಕು ಮರಕ್ಕೆ ಅಷ್ಟು ಬರಲ್ಲ ಅಂತ ನನಗೂ ಗೊತ್ತು.

ನಿಮ್ಮ ಮನೆಯಲ್ಲಿ ಏನು ಮಾಡಿದ್ದೀರಿ? ಅಪ್ಪ ಅಮ್ಮನ ಪಾಲಿಸಿ ಬಿಟ್ಟು ಬೇರೆ ದಾರಿ ಹಿಡಿದವರು ಯಾರಾದರೂ ಇದ್ದರೆ ಬರೆಯಿರಿ. ಮುಂದಿನ ನವೆಂಬರಿಗೆ ಮುಂಚೆ ನನಗೆ ಬೇಕು.