ಆಕೆಯನ್ನು ಕೇಳಿದಿರಾ?

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಿ. ಊರಿನಲ್ಲಿ ನೆರವು ಹಂಚುವ ಒಂದು ಸಮಿತಿಯಿದೆ. ಗಂಡನನ್ನು ಕಳೆದುಕೊಂಡ, ಸ್ವತಃ ಎಚ್‌ಐವಿ ಸೋಂಕಿರುವ ಹೆಣ್ಣುಮಗಳೊಬ್ಬಳ ಅರ್ಜಿ ಅದರ ಮುಂದೆ ಬರುತ್ತದೆ. ಸದಸ್ಯರೆಲ್ಲರೂ ಸಜ್ಜನರೇ. ಅರ್ಧ ಗಂಟೆ ಚರ್ಚಿಸಿ ಹೊಲಿಗೆ ಯಂತ್ರ ಕೊಡುವುದೆಂದು ತೀರ್ಮಾನಿಸುತ್ತಾರೆ. ಸಣ್ಣದೊಂದು ಸಮಾರಂಭ, ಒಂದು ಫೋಟೋ. ಆರು ತಿಂಗಳ ಬಳಿಕ ಹೋಗಿ ನೋಡಿದರೆ ಯಂತ್ರ ಮೂಲೆ ಸೇರಿದೆ. ಫೋಟೋದಿಂದಾಗಿ ಕೇರಿಗೆಲ್ಲ ವಿಷಯ ತಿಳಿದಿದೆ. ಹೊಲಿಯಲು ಬಟ್ಟೆ ಕೊಡುವವರೇ ಇಲ್ಲ!

ಆಕೆಗೆ ನಿಜವಾಗಿ ಬೇಕಾಗಿದ್ದುದೇನು? ಔಷಧಿಗೆಂದು ಆಸ್ಪತ್ರೆಗೆ ಹೋದ ದಿನ ತಪ್ಪುವ ಕೂಲಿಯ ಹಣ. ಆ ದಿನ ಮಗುವನ್ನು ನೋಡಿಕೊಳ್ಳುವ ಒಬ್ಬರು. ಮತ್ತು ಗುಟ್ಟು ಕಾಯುವ ಮನಸ್ಸು. ಸೋಂಕಿನೊಂದಿಗೆ ಬದುಕುತ್ತಿರುವ ಇನ್ನೊಬ್ಬಾಕೆ ಆ ಸಮಿತಿಯಲ್ಲಿ ಕುಳಿತಿದ್ದರೆ ಇದನ್ನು ಎರಡೇ ನಿಮಿಷದಲ್ಲಿ ಹೇಳಿಬಿಡುತ್ತಿದ್ದಳು.

ಈ ಮಾತು ಹೊಸದಲ್ಲ. 1983ರಲ್ಲಿ ಏಡ್ಸ್‌ಗೆ ಔಷಧಿಯೇ ಇರಲಿಲ್ಲ. ಆ ವರ್ಷ ಅಮೆರಿಕದ ಡೆನ್ವರ್ ನಗರದಲ್ಲಿ ಸೇರಿದ ರೋಗಪೀಡಿತರ ಸಣ್ಣ ಗುಂಪೊಂದು, ತಮ್ಮನ್ನು ಬಲಿಪಶುಗಳೆಂದು ಕರೆಯಬೇಡಿ ಎಂದಿತು. ತಮಗೆ ಸೇವೆ ನೀಡುವ ಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿ ತಮಗೂ ಜಾಗ ಬೇಕೆಂದು ಕೇಳಿತು. ಸಾವಿನ ಬಾಗಿಲಲ್ಲಿ ನಿಂತವರು ಕೇಳಿದ್ದು ಕನಿಕರವನ್ನಲ್ಲ, ನಿರ್ಧಾರದಲ್ಲಿ ಪಾಲನ್ನು. 1994ರ ಡಿಸೆಂಬರ್ 1ರಂದು ಪ್ಯಾರಿಸ್ ಶೃಂಗಸಭೆಯಲ್ಲಿ 42 ದೇಶಗಳು ಈ ತತ್ವಕ್ಕೆ ಸಹಿ ಹಾಕಿದವು. ನಮ್ಮ ನೆರೆಯ ಚೆನ್ನೈಯಲ್ಲಿ 1998ರಲ್ಲಿ, ಗಂಡನಿಂದ ಸೋಂಕು ತಗುಲಿದ ಪಿ. ಕೌಸಲ್ಯಾ ಇತರ ಮಹಿಳೆಯರೊಂದಿಗೆ ಸೇರಿ ಪಾಸಿಟಿವ್ ವಿಮೆನ್ ನೆಟ್‌ವರ್ಕ್ ಕಟ್ಟಿದರು. ಮನೆಯೊಳಗೇ ಬಚ್ಚಿಟ್ಟುಕೊಂಡಿದ್ದ ಹೆಣ್ಣುಮಕ್ಕಳಿಗೆ ಆಗ ಒಂದು ದನಿ ಸಿಕ್ಕಿತು.

ಇನ್ನು ಹಣದ ವಿಷಯಕ್ಕೆ ಬರೋಣ. ಏಡ್ಸ್, ಕ್ಷಯ ಮತ್ತು ಮಲೇರಿಯಾ ವಿರುದ್ಧ ಹೋರಾಡಲು ದೇಶಗಳಿಗೆ ನೆರವು ನೀಡುವ ಗ್ಲೋಬಲ್ ಫಂಡ್ 2002ರಲ್ಲಿ ಆರಂಭವಾಯಿತು. ಅದರ ಮಂಡಳಿಯಲ್ಲಿ ಈ ರೋಗಗಳೊಂದಿಗೆ ಬದುಕುವವರಿಗೂ ಒಂದು ಸ್ಥಾನವಿದೆ. ಮೊದಮೊದಲು ಅವರು ಮಾತನಾಡಬಹುದಿತ್ತು, ಮತ ಹಾಕುವಂತಿರಲಿಲ್ಲ. ಮತದ ಹಕ್ಕು ಬಂದದ್ದು ಆಮೇಲೆ. ಈಗ ಮತವಿರುವ ಸ್ಥಾನಗಳು 20. ಅದರಲ್ಲಿ 10 ಹಣ ಕೊಡುವವರ ಕಡೆಯವು, 10 ನೆರವು ಪಡೆದು ಕೆಲಸ ಮಾಡುವವರ ಕಡೆಯವು. ರೋಗದೊಂದಿಗೆ ಬದುಕುವವರ ಸ್ಥಾನ ಇರುವುದು ಈ ಎರಡನೆಯ ಗುಂಪಿನಲ್ಲಿ. ಒಮ್ಮತ ಮೂಡದೆ ಮತಕ್ಕೆ ಹಾಕಿದಾಗ ಎರಡೂ ಗುಂಪುಗಳಲ್ಲಿ ಮೂರನೇ ಎರಡರಷ್ಟು ಮತ ಬೇಕು. ಹಣ ಕೊಡುವವರಷ್ಟೇ ಕೈ ಎತ್ತಿದರೆ ನಿರ್ಣಯ ಗೆಲ್ಲುವುದಿಲ್ಲ. ಪ್ರತಿ ದೇಶದಲ್ಲಿ ಅರ್ಜಿ ತಯಾರಿಸುವ ಸಮಿತಿಯಲ್ಲೂ ರೋಗಬಾಧಿತರ ಪ್ರತಿನಿಧಿಗಳಿರಬೇಕು. ಅವರನ್ನು ಅಧಿಕಾರಿಗಳು ನೇಮಿಸುವಂತಿಲ್ಲ, ಅವರ ಸಮುದಾಯವೇ ಆರಿಸಿ ಕಳಿಸಬೇಕು.

ನಿಮ್ಮ ಮನಸ್ಸಿನಲ್ಲೊಂದು ಪ್ರಶ್ನೆ ಏಳಬಹುದು. ಪಡೆಯುವವರೇ ನಿರ್ಧರಿಸಿದರೆ ತಮ್ಮವರಿಗೇ ಹಂಚಿಕೊಳ್ಳುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಆದರೆ ಈ ಅಪಾಯ ಯಾವ ಸಮಿತಿಗಿಲ್ಲ ಹೇಳಿ! ಅಧ್ಯಕ್ಷರ ಅಳಿಯನಿಗೆ ಸಿಕ್ಕ ಗುತ್ತಿಗೆಯ ಕತೆಗಳು ನಮಗೆ ಗೊತ್ತಿಲ್ಲವೇ? ಪರಿಹಾರವೂ ಎಲ್ಲರಿಗೂ ಒಂದೇ. ತನ್ನ ಸಂಸ್ಥೆಯ ಅರ್ಜಿ ಬಂದಾಗ ಆ ಸದಸ್ಯೆ ಮೊದಲೇ ತಿಳಿಸಿ ಹೊರಗೆ ನಡೆಯಬೇಕು. ಇಂಥ ಲಿಖಿತ ನಿಯಮ ಗ್ಲೋಬಲ್ ಫಂಡ್‌ನ ದೇಶ ಸಮಿತಿಗಳಿಗೆ ಕಡ್ಡಾಯ.

ನಿಜವಾದ ಕಷ್ಟ ಬೇರೆಯೇ ಇದೆ. ಹಣ ಎಲ್ಲರಿಗೂ ಸಾಲದು. ಹತ್ತು ಅರ್ಜಿಗಳಲ್ಲಿ ಏಳನ್ನು ತಿರಸ್ಕರಿಸಬೇಕಾದಾಗ, ಆ ಏಳರ ಹಿಂದಿರುವವರು ಆಕೆಯ ಪರಿಚಯದವರೇ ಆಗಿರುತ್ತಾರೆ. ನಾಳೆ ಔಷಧಿಯ ಸಾಲಿನಲ್ಲಿ ಅವರ ಪಕ್ಕದಲ್ಲೇ ಆಕೆ ನಿಲ್ಲಬೇಕು. ಆಕೆಯೊಬ್ಬಳನ್ನೇ ಕೂರಿಸಿದರೆ ದೂರಿನ ಭಾರವೆಲ್ಲ ಆ ಒಬ್ಬಳ ಹೆಗಲಿಗೇ ಬೀಳುತ್ತದೆ. ಆದ್ದರಿಂದ ಇಬ್ಬರೋ ಮೂವರೋ ಇರಲಿ. ಕಾಗದಪತ್ರಗಳು ಕನ್ನಡದಲ್ಲಿ ಮುಂಚಿತವಾಗಿ ಕೈಸೇರಲಿ. ಸಭೆಗೆ ಬಂದ ದಿನದ ಕೂಲಿ ತಪ್ಪದಿರಲಿ. ಇವಿಲ್ಲದ ಕುರ್ಚಿ ಬರೀ ತೋರಿಕೆಯದು.

ಗುಟ್ಟಿನ ಮಾತನ್ನೂ ಮರೆಯಬಾರದು. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂತು. ನ್ಯಾಯಾಲಯದ ಆದೇಶದಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ, ಒಬ್ಬರ ಸೋಂಕಿನ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವಂತಿಲ್ಲ. ಸಮಿತಿಗೆ ಬಂದಾಕೆ ತನ್ನ ಕತೆಯನ್ನು ಊರಿಗೆಲ್ಲ ಹೇಳಬೇಕೆಂಬ ನಿಯಮವೇನೂ ಇಲ್ಲ. ಮುಂದೆ ಬರಲು ಅಂಜುವವರು ತಮ್ಮ ಸಂಘದ ಮೂಲಕ ಅಭಿಪ್ರಾಯ ಕಳಿಸಬಹುದು.

ಸಹೋದರಿ, ಜೊತೆಗೆ ಕೂರುವುದರಿಂದ, ಒಂದೇ ಲೋಟದಲ್ಲಿ ಚಹಾ ಕುಡಿಯುವುದರಿಂದ ಎಚ್‌ಐವಿ ಹರಡುವುದಿಲ್ಲ. ಸರಕಾರಿ ಎಆರ್‌ಟಿ ಕೇಂದ್ರಗಳಲ್ಲಿ 2004ರಿಂದ ಔಷಧಿ ಉಚಿತವಾಗಿ ಸಿಗುತ್ತಿದೆ. ತಪ್ಪದೆ ಔಷಧಿ ತೆಗೆದುಕೊಂಡು, ಪರೀಕ್ಷೆಯಲ್ಲಿ ಕಾಣದಷ್ಟು ವೈರಸ್ ತಗ್ಗಿದ ಸ್ಥಿತಿ ಉಳಿದರೆ ಬಾಳಸಂಗಾತಿಗೂ ದೈಹಿಕ ಸಂಬಂಧದಿಂದ ಸೋಂಕು ತಗಲುವುದಿಲ್ಲ. ಹಾಗಿರುವಾಗ ಪಕ್ಕದ ಕುರ್ಚಿ ಖಾಲಿ ಬಿಡಲು ಕಾರಣವೇನು?

ನೀವು ಮಹಿಳಾ ಸಂಘದಲ್ಲಿರಬಹುದು, ಮೊಹಲ್ಲಾದ ನೆರವಿನ ಸಮಿತಿಯಲ್ಲಿರಬಹುದು. ವಿಧವೆಗೆ, ಅಂಗವಿಕಲೆಗೆ, ರೋಗಿಗೆ ಏನು ಕೊಡೋಣ ಎಂಬ ಚರ್ಚೆ ಮುಂದಿನ ಸಭೆಯಲ್ಲೂ ಬರುತ್ತದೆ. ಆಗ ಪಟ್ಟಿಗೆ ಸಹಿ ಹಾಕುವ ಮುನ್ನ ಒಂದೇ ಒಂದು ಪ್ರಶ್ನೆ ಕೇಳಿ: "ಆಕೆಯನ್ನು ಕೇಳಿದಿರಾ?" ಉತ್ತರ ಇಲ್ಲವೆಂದಾದರೆ, ಸಹಿ ಒಂದು ವಾರ ಕಾಯಲಿ.