ಡೇರೆಯೊಳಗಿನ ಸುಳ್ಳು

ಹಾಸನ ಸೀಮೆಯವರಿಗೆ ಬೆಟ್ಟವೆಂಬುದು ಹೊಸ ಪದಾರ್ಥವಲ್ಲ. ಚನ್ನರಾಯಪಟ್ಟಣದ ಮಕ್ಕಳು ಶಾಲೆಗೆ ಸೇರುವ ಮುನ್ನವೇ ತಂದೆಯ ಹೆಗಲಮೇಲೆ ಕುಳಿತು ಶ್ರವಣಬೆಳಗೊಳದ ವಿಂಧ್ಯಗಿರಿಯನ್ನು ಏರಿರುತ್ತಾರೆ. ಹೊಳೆನರಸೀಪುರದವರಿಗೆ ಮಾವಿನಕೆರೆಯ ರಂಗನಾಥನ ಬೆಟ್ಟ ಉಂಟು. ಅರಕಲಗೂಡಿನವರಿಗೆ ಸೋಮವಾರಪೇಟೆಯ ಕಡೆಯ ಮಲೆಗಳು ದೂರವಲ್ಲ. ಗೊಮ್ಮಟನ ಪಾದವನ್ನು ಕಾಣಲು ಬಂಡೆಯಲ್ಲಿ ಕಡಿದ ಆರುನೂರಕ್ಕೂ ಮೇಲ್ಪಟ್ಟ ಮೆಟ್ಟಿಲುಗಳನ್ನು ಹತ್ತಬೇಕು. ಆದರೆ ಬಿಸಿಲೇರುವ ಮೊದಲು ಬರಿಗಾಲಿನಲ್ಲಿ ಹೊರಟವರು ದರ್ಶನ ಮುಗಿಸಿ, ಹತ್ತು ಗಂಟೆಗೆ ಕೆಳಗಿಳಿದು ತಿಂಡಿಗೆ ಕುಳಿತಿರಬಹುದು. ಕಾಲು ಸೋತವರಿಗೆ ಡೋಲಿ ಇದೆ. ಎದುಸಿರು ಬಂದರೆ ಮೆಟ್ಟಿಲ ಮೇಲೆ ಕುಳಿತರಾಯಿತು. ಎರಡು ನಿಮಿಷದಲ್ಲಿ ಉಸಿರು ತಾನಾಗಿ ತಹಬಂದಿಗೆ ಬರುತ್ತದೆ.

ಬೆಟ್ಟದ ವಿಷಯದಲ್ಲಿ ನಮ್ಮ ಜನಕ್ಕಿರುವ ಧೈರ್ಯವೆಲ್ಲ ಈ ಅನುಭವದಿಂದ ಬಂದದ್ದು. ಈ ಧೈರ್ಯವನ್ನೇ ಕಟ್ಟಿಕೊಂಡು ಈಗ ದಂಪತಿಗಳು ಹಿಮಾಲಯಕ್ಕೆ ಹೊರಡುತ್ತಿದ್ದಾರೆ. ಹಿಂದಿನ ತಲೆಮಾರಿನವರು ಕಾಶಿ ರಾಮೇಶ್ವರಕ್ಕೆ ಹೋಗಿಬಂದಂತೆ, ಮಕ್ಕಳ ಓದು ಮುಗಿದು, ಮಗಳ ಮದುವೆಯ ಸಾಲ ತೀರಿದ ಮೇಲೆ ಗಂಡ ಹೆಂಡಿರಿಬ್ಬರೂ ಚಾರಣದ ತಂಡವೊಂದಕ್ಕೆ ಹಣ ಕಟ್ಟಿ, ಮಾರ್ಗದರ್ಶಿಯ ಹಿಂದೆ ಹಿಮದ ದಾರಿಯಲ್ಲಿ ನಡೆಯುವ ಸಂಭ್ರಮ. ಸಂತೋಷದ ಸಂಗತಿಯೇ ಸರಿ. ಮೂವತ್ತು ವರ್ಷ ಅಡಿಗೆಮನೆಗೂ ಕಚೇರಿಗೂ ನಡೆದ ಕಾಲುಗಳಿಗೆ ಬೇರೊಂದು ದಾರಿ ಸಿಕ್ಕುವುದು ಸಣ್ಣ ಮಾತಲ್ಲ.

ಹಾಸನದ ಬಡಾವಣೆಯೊಂದರಲ್ಲಿಯೋ ಹೊಳೆನರಸೀಪುರದ ಪೇಟೆಬೀದಿಯಲ್ಲಿಯೋ ಇಂತಹ ಒಂದು ಮನೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಯಜಮಾನರಿಗೆ ಐವತ್ತೈದರ ಆಸುಪಾಸು, ಗೃಹಿಣಿಗೆ ಐವತ್ತು. ಮೂರು ತಿಂಗಳಿಂದ ಮಹಾರಾಜ ಪಾರ್ಕಿನಲ್ಲಿ ಬೆಳಗಿನ ನಡಿಗೆ. ಭಾನುವಾರ ಬೆನ್ನಿಗೆ ಚೀಲ ಕಟ್ಟಿ ವಿಂಧ್ಯಗಿರಿಯ ಮೆಟ್ಟಿಲುಗಳಲ್ಲಿ ಎರಡು ಸಲ ಹತ್ತಿ ಇಳಿಯುವ ಅಭ್ಯಾಸ. ಉಣ್ಣೆಯ ಟೋಪಿ, ಗಟ್ಟಿ ಬೂಟು, ಚಕ್ಕುಲಿ, ಹುರಿಗಾಳು, ಚಟ್ನಿಪುಡಿಯ ಡಬ್ಬಿ ಎಲ್ಲವೂ ಸಿದ್ಧ. ಒಂದು ಮಾತು ಮಾತ್ರ ಇಬ್ಬರ ನಡುವೆ ಆಗಿಲ್ಲ. ಅದು ಯಾವುದೆಂಬುದನ್ನು ಹೇಳುವ ಮೊದಲು ಎತ್ತರದ ಲೆಕ್ಕವನ್ನು ಸ್ವಲ್ಪ ನೋಡಬೇಕು.

ಹಾಸನ ಪಟ್ಟಣ ಸಮುದ್ರಮಟ್ಟದಿಂದ ಸುಮಾರು 3,100 ಅಡಿ ಎತ್ತರದಲ್ಲಿದೆ. ವಿಂಧ್ಯಗಿರಿಯ ನೆತ್ತಿ 3,347 ಅಡಿ. ಅಂದರೆ ನಾವು ಏದುತ್ತ ಹತ್ತುವುದು ಬುಡದಿಂದ 470 ಅಡಿಗಳನ್ನು ಮಾತ್ರ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 6,300 ಅಡಿ. ಕನ್ನಡ ನಾಡಿನಲ್ಲಿ ಎಲ್ಲಿ ಹತ್ತಿದರೂ ಮನುಷ್ಯನಿಗೆ ಗಾಳಿಯ ಬಡತನ ಎಂದರೇನೆಂದು ತಿಳಿಯುವುದಿಲ್ಲ. ಹದಿನಾಲ್ಕು ಸಾವಿರ ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರತೀರದ ಒತ್ತಡದ ಹತ್ತರಲ್ಲಿ ಆರು ಪಾಲು. ಹದಿನೆಂಟು ಸಾವಿರದಲ್ಲಿ ಅರ್ಧ. ಒಂದು ಉಸಿರಿಗೆ ದೊರೆಯುವ ಆಮ್ಲಜನಕವೂ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಅಲ್ಲಿ ಮೆಟ್ಟಿಲ ಮೇಲೆ ಕುಳಿತರೂ ಉಸಿರು ತಹಬಂದಿಗೆ ಬಾರದು. ದೆಹಲಿಯಲ್ಲಿ ವಿಮಾನ ಹತ್ತಿ ಲೇಹ್ ಪಟ್ಟಣದಲ್ಲಿ ಇಳಿದವರು ಒಂದೂವರೆ ಗಂಟೆಯೊಳಗೆ ಏಳುನೂರು ಅಡಿಯಿಂದ ಹನ್ನೊಂದೂವರೆ ಸಾವಿರ ಅಡಿಗೆ ಬಂದಿರುತ್ತಾರೆ. ಶರೀರಕ್ಕೆ ಈ ಸುದ್ದಿ ತಲಪುವುದಕ್ಕೆ ದಿನಗಳೇ ಬೇಕು.

ವೈದ್ಯರು ಇದಕ್ಕೊಂದು ಕ್ರಮವನ್ನು ಹೇಳುತ್ತಾರೆ. ಹತ್ತು ಸಾವಿರ ಅಡಿ ದಾಟಿದ ಮೇಲೆ, ಮಲಗುವ ಜಾಗ ಹಿಂದಿನ ರಾತ್ರಿಗಿಂತ ಸುಮಾರು 1,600 ಅಡಿಗಿಂತ ಹೆಚ್ಚು ಮೇಲಕ್ಕೆ ಹೋಗಬಾರದು; ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಅದೇ ಎತ್ತರದಲ್ಲಿ ತಂಗಬೇಕು. ಈ ಕ್ರಮ ತಪ್ಪಿದರೆ, ಕೆಲವೊಮ್ಮೆ ತಪ್ಪದಿದ್ದರೂ, ಮೊದಲು ತಲೆನೋವು ಬರುತ್ತದೆ. ಅದರ ಹಿಂದೆ ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು. ಇಷ್ಟರಲ್ಲೇ ನಿಂತು ವಿಶ್ರಮಿಸಿದರೆ ಬಹುಮಂದಿ ಸುಧಾರಿಸಿಕೊಳ್ಳುತ್ತಾರೆ. ಲೆಕ್ಕಿಸದೆ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಮಿದುಳು ಊದಿಕೊಳ್ಳಬಹುದು; ಆಗ ಕೆಲವು ಗಂಟೆಗಳೊಳಗೆ ಪ್ರಾಣಕ್ಕೇ ಅಪಾಯ. ವೈದ್ಯರನ್ನು ಕೇಳಿ ಮುಂಚಿತವಾಗಿ ನುಂಗುವ ಅಸಿಟಜೋಲಮೈಡ್ ಮಾತ್ರೆ ಶರೀರ ಹೊಂದಿಕೊಳ್ಳಲು ನೆರವಾಗುತ್ತದೆ. ಆದರೆ ರೋಗ ಬಿಗಡಾಯಿಸಿದ ಮೇಲೆ ಮುಖ್ಯವಾದ ಔಷಧಿ ಒಂದೇ: ಕೆಳಗಿಳಿಯುವುದು. ವಿಚಿತ್ರವೆಂದರೆ ಈ ಕಾಯಿಲೆಗೆ ಗಟ್ಟಿಮುಟ್ಟು ದೇಹವೆಂಬ ಮರ್ಯಾದೆ ಇಲ್ಲ. ದಿನವೂ ಹತ್ತು ಮೈಲಿ ಓಡುವ ತರುಣನನ್ನು ಕೆಡವಿ, ಪಕ್ಕದಲ್ಲಿ ನಿಧಾನವಾಗಿ ನಡೆಯುವ ಅಜ್ಜಿಯನ್ನು ಬಿಟ್ಟುಬಿಟ್ಟೀತು. ವಿಂಧ್ಯಗಿರಿಯ ಅಭ್ಯಾಸ ಮಂಡಿಗೆ ಒಳ್ಳೆಯದು. ಎತ್ತರದ ಕಾಯಿಲೆಗೆ ಅದು ಕವಚವಲ್ಲ.

ಈಗ ನಮ್ಮ ದಂಪತಿಗಳ ಡೇರೆಗೆ ಬರಬಹುದು. ಹನ್ನೆರಡು ಸಾವಿರ ಅಡಿಯಲ್ಲಿ ಮೊದಲ ರಾತ್ರಿ. ಹೊರಗೆ ಗಾಳಿ, ಒಳಗೆ ಸಣ್ಣದೊಂದು ದೀಪ. ಯಜಮಾನರಿಗೆ ಸಂಜೆಯಿಂದ ತಲೆ ಸಿಡಿಯುತ್ತಿದೆ. ಬಡಿಸಿದ ಕಿಚಡಿಯನ್ನು ತಟ್ಟೆಯಲ್ಲೇ ಅತ್ತಿತ್ತ ಸರಿಸಿ ಎದ್ದುಬಂದಿದ್ದಾರೆ.

“ಯಾಕ್ರೀ, ಊಟಾನೇ ಮಾಡ್ಲಿಲ್ಲ? ಮೈಗೆ ಹುಷಾರಿಲ್ವಾ?”

“ಹಾಗೇನಿಲ್ಲ ಕಣೇ. ಮಧ್ಯಾಹ್ನ ತಿಂದದ್ದೇ ಕರಗಿಲ್ಲ. ನೀನು ಮಲಗು.”

ಆಕೆ ಮಲಗುತ್ತಾರೆ. ಆಕೆಗೂ ಮಧ್ಯಾಹ್ನದಿಂದ ಹೊಟ್ಟೆ ತೊಳಸುತ್ತಿದೆ; ಹೇಳಿದರೆ ಇವರ ಉತ್ಸಾಹಕ್ಕೆ ಭಂಗ, ಇಷ್ಟು ಹಣ ಕಟ್ಟಿ ಬಂದದ್ದು ತನ್ನಿಂದ ಹಾಳಾಯಿತೆಂಬ ಮಾತು ಬರಬಾರದು ಎಂದು ಆಕೆಯೂ ಬಾಯಿ ಬಿಟ್ಟಿಲ್ಲ. ಒಂದೇ ಕಂಬಳಿಯ ಮಗ್ಗುಲಲ್ಲಿ ಎರಡು ಸುಳ್ಳುಗಳು ಕಣ್ಣು ಮುಚ್ಚಿಕೊಂಡು ನಿದ್ದೆಯ ನಟನೆ ಮಾಡುತ್ತವೆ.

ಇದು ಕಪಟವಲ್ಲ. ನಮ್ಮ ಮನೆಗಳಲ್ಲಿ ಪ್ರೀತಿಯ ಬಹುಪಾಲು ವ್ಯವಹಾರ ನಡೆಯುವುದೇ ಹೀಗೆ. ಗೃಹಿಣಿ ಜ್ವರವಿದ್ದರೂ ಒಲೆಯ ಮುಂದೆ ನಿಂತು ‘ಏನಿಲ್ಲ, ಸ್ವಲ್ಪ ಬೆವರು’ ಎನ್ನುತ್ತಾಳೆ. ಯಜಮಾನ ಎದೆ ಹಿಡಿದುಕೊಂಡರೂ ‘ವಾಯು’ ಎಂದು ಶುಂಠಿ ಕಷಾಯ ಕೇಳುತ್ತಾನೆ. ಊರಿನಲ್ಲಿ ಈ ಮರೆಮಾಚುವಿಕೆಗೆ ಕಾಲಾವಕಾಶ ಉಂಟು. ನೆರೆಮನೆಯವರು ಗಮನಿಸುತ್ತಾರೆ, ಮಗ ಫೋನಿನಲ್ಲಿ ದನಿ ಕೇಳಿ ಸಂಶಯಪಡುತ್ತಾನೆ, ಜಿಲ್ಲಾ ಆಸ್ಪತ್ರೆ ಆಟೋ ದೂರದಲ್ಲಿದೆ. ಹನ್ನೆರಡು ಸಾವಿರ ಅಡಿಯಲ್ಲಿ ಈ ಯಾವ ಆಸರೆಯೂ ಇಲ್ಲ. ಅಲ್ಲಿ ಬೆಳಗಾಗುವಷ್ಟರಲ್ಲಿ ಹೇಳಬೇಕಾದವನೇ ಹೇಳಲಾರದ ಸ್ಥಿತಿಗೆ ಬಂದಿರಬಹುದು. ಏಕೆಂದರೆ ಮಿದುಳಿಗೆ ಪೆಟ್ಟು ಬಿದ್ದಾಗ ಮೊದಲು ಕೆಡುವುದು ವಿವೇಚನೆ. ‘ನಾನು ಚೆನ್ನಾಗಿದ್ದೇನೆ’ ಎಂಬ ಮಾತನ್ನು ಅವನು ಆಗ ಸುಳ್ಳೆಂದು ತಿಳಿದು ಹೇಳುವುದಿಲ್ಲ, ನಂಬಿಯೇ ಹೇಳುತ್ತಾನೆ.

ಮಾರ್ಗದರ್ಶಿಯ ಬೆಲೆ ತಿಳಿಯುವುದು ಇಲ್ಲಿ. ದಾರಿ ತೋರಿಸುವುದು ಅವನ ಕೆಲಸದ ಅರ್ಧ; ಉಳಿದರ್ಧ ಮುಖ ನೋಡುವುದು. ಗಢವಾಲದ ಹಳ್ಳಿಯಲ್ಲಿ ಹುಟ್ಟಿದ ಇಪ್ಪತ್ತೆಂಟರ ಹುಡುಗ ಇರಬಹುದು. ಆದರೆ ಯಾರು ತಟ್ಟೆಯಲ್ಲಿ ಅನ್ನ ಬಿಟ್ಟರು, ಯಾರು ಮಾತು ನಿಲ್ಲಿಸಿದರು, ಯಾರ ಹೆಜ್ಜೆ ಕುಡಿದವನ ಹೆಜ್ಜೆಯಂತೆ ಓರೆಯಾಗುತ್ತಿದೆ ಎಂಬುದೆಲ್ಲ ಅವನ ಕಣ್ಣಿಗೆ ಬೀಳುತ್ತದೆ. ಸಂಶಯ ಬಂದರೆ ಹಿಮ್ಮಡಿಗೆ ಹೆಬ್ಬೆರಳು ತಾಗುವಂತೆ ಒಂದು ಗೆರೆಯ ಮೇಲೆ ನಡೆಯಲು ಹೇಳುತ್ತಾನೆ. ನಡೆಯಲಾರದೆ ಓಲಾಡಿದವರನ್ನು ಆ ಕ್ಷಣವೇ ಕೆಳಗಿಳಿಸಬೇಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರಿನ ಅಂಕಿಯನ್ನೂ ನೋಡುತ್ತಾನೆ. ಅಂಕಿಗಿಂತ ಹೆಜ್ಜೆಯನ್ನು ಹೆಚ್ಚು ನಂಬುವವನು ಅನುಭವಸ್ಥ. ದಂಪತಿಗಳಿದ್ದಾಗ ಜಾಣ ಮಾರ್ಗದರ್ಶಿ ಇನ್ನೊಂದು ಕೆಲಸ ಮಾಡುತ್ತಾನೆ. ಇಬ್ಬರನ್ನೂ ಒಟ್ಟಿಗೆ ಕೂರಿಸಿಕೊಂಡು ‘ಹೇಗಿದ್ದೀರಿ’ ಎಂದು ಕೇಳುವುದಿಲ್ಲ. ಬೇರೆ ಬೇರೆಯಾಗಿ ಕೇಳುತ್ತಾನೆ.

ಇಲ್ಲೊಂದು ಸಂಕಟವೂ ಉಂಟು. ಮೂವತ್ತು ವರ್ಷ ಕಚೇರಿಯಲ್ಲಿ ನಾಲ್ಕು ಜನಕ್ಕೆ ಆಜ್ಞೆ ಮಾಡಿದ ಯಜಮಾನರಿಗೆ ಮಗನ ವಯಸ್ಸಿನವನು ಹಿಂದಿಯಲ್ಲಿ ‘ಸಾಹೇಬರೇ, ನಿಮಗೆ ಇಲ್ಲಿಗೇ ಸಾಕು’ ಎಂದರೆ ಅದೂ ಹೆಂಡತಿಯ ಎದುರಿಗೆ, ನುಂಗಿಕೊಳ್ಳುವುದು ಸುಲಭವಲ್ಲ. ಎಷ್ಟೋ ವಾದಗಳು ಆರೋಗ್ಯಕ್ಕಾಗಿ ನಡೆಯುವುದಿಲ್ಲ, ಈ ಮಾನಕ್ಕಾಗಿ ನಡೆಯುತ್ತವೆ.

ಬೆಟ್ಟದ ಮೇಲೆ ಕಾಯಿಲೆಯೊಂದೇ ಶತ್ರುವೆಂದು ಭಾವಿಸುವಂತಿಲ್ಲ. 2024ರ ಮೇ 29ರಂದು ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಿಂದ ಸಹಸ್ರತಾಲ್ ಸರೋವರಕ್ಕೆ ಇಪ್ಪತ್ತೆರಡು ಜನರ ತಂಡವೊಂದು ಹೊರಟಿತು. ಹದಿನೆಂಟು ಮಂದಿ ಕರ್ನಾಟಕದವರು, ಒಬ್ಬರು ಮಹಾರಾಷ್ಟ್ರದವರು, ಮೂವರು ಸ್ಥಳೀಯ ಮಾರ್ಗದರ್ಶಿಗಳು. ಹದಿನಾಲ್ಕು ಸಾವಿರ ಅಡಿ ಮೀರಿದ ಆ ಸರೋವರವನ್ನು ಜೂನ್ 3ರಂದು ಕಂಡು ಶಿಬಿರಕ್ಕೆ ಮರಳುತ್ತಿದ್ದಾಗ ಹಿಮಗಾಳಿ ಎದ್ದಿತು. ಎದುರಿಗಿದ್ದವರು ಕಾಣದಷ್ಟು ಮಬ್ಬು. ಶಿಬಿರ ಸೇರಲಾಗದೆ ರಾತ್ರಿಯನ್ನು ಬಯಲಿನಲ್ಲೇ ಕಳೆಯಬೇಕಾಯಿತು. ಒಂಬತ್ತು ಮಂದಿ ತೀರಿಕೊಂಡರು. ವಾಯುಪಡೆಯ ಹೆಲಿಕಾಪ್ಟರುಗಳೂ ರಾಜ್ಯದ ರಕ್ಷಣಾ ದಳವೂ ಸೇರಿ ಉಳಿದ ಹದಿಮೂವರನ್ನು ಕೆಳಗೆ ತಂದವು. ತಂಡದಲ್ಲಿ ದಂಪತಿಗಳಿದ್ದರು. ಇಬ್ಬರೂ ಮರಳದ ಮನೆಯೂ ಉಂಟು. ಒಬ್ಬರೇ ಮರಳಿದ ಮನೆಯೂ ಉಂಟು.

ಆ ದುರಂತವನ್ನು ಯಾರದೋ ಮರೆಮಾಚುವಿಕೆಯ ಫಲವೆಂದು ಹೇಳುವುದು ಅನ್ಯಾಯ. ಕೊಂದದ್ದು ಗಾಳಿ ಮತ್ತು ಚಳಿ. ಆದರೆ ಚಳಿ ಕೊಲ್ಲುವ ಬಗೆಯೂ ಡೇರೆಯ ಸುಳ್ಳಿಗೆ ದೂರದ ನೆಂಟ. ಮೈಯ ಶಾಖ ಇಳಿಯುತ್ತ ಬಂದಂತೆ ನಡುಕ, ಮಾತಿನಲ್ಲಿ ತೊದಲು, ಗುಂಡಿ ಹಾಕಲಾಗದ ಬೆರಳು, ಮುಗ್ಗರಿಸುವ ಕಾಲು. ಆಮೇಲೆ ನಡುಕವೂ ನಿಂತು ಎಲ್ಲವೂ ಸರಿಯಾದಂತೆ ತೋರುತ್ತದೆ. ಹಾಗೆ ತೋರುವುದೇ ಕೇಡು. ಜೊತೆಯಲ್ಲಿರುವವರು ‘ಏನಿಲ್ಲ’ ಎಂಬ ಉತ್ತರವನ್ನು ಒಪ್ಪದೆ, ಒದ್ದೆ ಬಟ್ಟೆ ತೆಗೆಸಿ, ಗಾಳಿ ತಾಗದಂತೆ ಸುತ್ತಿ, ಬಿಸಿ ಮಾಡಬೇಕು. ಮುಪ್ಪಿಗೆ ಹತ್ತಿರವಾದ ದೇಹ ಶಾಖವನ್ನು ಬೇಗ ಕಳೆದುಕೊಳ್ಳುತ್ತದೆಂಬುದನ್ನೂ ಐವತ್ತು ದಾಟಿದವರು ನೆನಪಿಡಬೇಕು.

ಇಬ್ಬರೊಳಗೆ ಒಬ್ಬರನ್ನು ನಿಲ್ಲಿಸುವ ಸಂದರ್ಭ ಕೈಲಾಸ ಮಾನಸಸರೋವರದ ಯಾತ್ರೆಯಲ್ಲಿ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಭಾರತ ಸರ್ಕಾರ 1981ರಿಂದ ಏರ್ಪಡಿಸಿದ ಈ ಯಾತ್ರೆ 2020ರಿಂದ ನಿಂತಿದ್ದು 2025ರಲ್ಲಿ ಮತ್ತೆ ಆರಂಭವಾಯಿತು. ಲಿಪುಲೇಖದ ದಾರಿಯಲ್ಲಿ ಹೋಗುವವರಿಗೆ ದೆಹಲಿಯಲ್ಲಿ ಒಂದು ವೈದ್ಯಕೀಯ ಪರೀಕ್ಷೆ, ಹತ್ತು ಸಾವಿರ ಅಡಿ ಮೀರಿದ ಗುಂಜಿಯಲ್ಲಿ ಮತ್ತೊಂದು. ಮುಂದೆ ಸುಮಾರು 18,500 ಅಡಿಯ ಡೋಲ್ಮಾ ಕಣಿವೆ ಕಾದಿರುವುದರಿಂದ ಗುಂಜಿಯಲ್ಲಿ ಬಿದ್ದವರಿಗೆ ಅಲ್ಲಿಂದಲೇ ಹಿಂದಿರುಗುವ ದಾರಿ. ಪರಿಶೀಲಿಸುವ ವೈದ್ಯರು ರಕ್ತದ ಒತ್ತಡವನ್ನು ನೋಡುತ್ತಾರೆಯೇ ಹೊರತು ಮದುವೆಯ ಸಂಬಂಧವನ್ನಲ್ಲ. ಹೆಂಡತಿ ಉತ್ತೀರ್ಣಳಾಗಿ ಗಂಡ ಉಳಿಯಬಹುದು. ಆಗ ಆಕೆ ಒಬ್ಬಳೇ ಮುಂದುವರಿಯುವುದೇ? ಇಬ್ಬರೂ ಮರಳುವುದೇ? ಜೀವಮಾನದ ಹರಕೆ ಒಂದು ಕಡೆ, ಮಾಂಗಲ್ಯ ಒಂದು ಕಡೆ. ಗುಂಜಿಯ ಚಳಿಯಲ್ಲಿ, ಬಳಲಿದ ತಲೆಯಲ್ಲಿ, ತಂಡ ಹೊರಡುವ ಗಡಿಬಿಡಿಯಲ್ಲಿ ಈ ಪ್ರಶ್ನೆಯನ್ನು ಬಿಡಿಸಲು ಕುಳಿತವರು ಕಣ್ಣೀರಿನಲ್ಲಿ ಮುಗಿಸುತ್ತಾರೆ.

ಮಹಾರಾಜ ಪಾರ್ಕಿನ ನಡಿಗೆಯಲ್ಲಿ ಆಗದೆ ಉಳಿದ ಮಾತು ಇದೇ. ಬೂಟು ಕೊಳ್ಳುವ ಮೊದಲೇ, ಮನೆಯ ಜಗಲಿಯಲ್ಲಿ, ಕಾಫಿಯ ಲೋಟ ಕೈಯಲ್ಲಿರುವಾಗ ಅದನ್ನು ತೀರ್ಮಾನಿಸಿಕೊಳ್ಳಬೇಕು. ಕಾಯಿಲೆಯಾದವರು ಇಳಿದರೆ ಇನ್ನೊಬ್ಬರು ಇಳಿಯುವುದೋ ಮುಂದುವರಿಯುವುದೋ. ಮುಂದುವರಿದರೆ ಅದನ್ನು ಮುಂದೆ ಹತ್ತು ವರ್ಷ ಹಬ್ಬಹರಿದಿನಗಳಲ್ಲಿ ಎತ್ತಿ ಆಡುವುದಿಲ್ಲವೆಂಬ ಒಪ್ಪಂದ. ಕೊನೆಯದು ಹಾಸ್ಯವೆಂದು ತೋರಿದರೂ, ಸಂಸಾರಸ್ಥರು ಅದನ್ನು ಹಾಸ್ಯವೆಂದು ತಳ್ಳಲಾರರು. ತಲೆನೋವನ್ನು ಗಂಡನಿಗೋ ಹೆಂಡತಿಗೋ ಹೇಳಲು ಮನಸ್ಸಾಗದಿದ್ದರೆ ಮಾರ್ಗದರ್ಶಿಗಾದರೂ ಹೇಳುವುದೆಂಬ ಮಾತನ್ನು ಒಬ್ಬರಿಗೊಬ್ಬರು ಕೊಡಬೇಕು. ಅವನಿಗೆ ಹೇಳಿದರೆ ಯಾರ ಉತ್ಸಾಹವೂ ಕೆಡುವುದಿಲ್ಲ. ಅವನು ದಿನವೂ ಕೇಳುವ ಮಾತದು.

ಹಣ ಕಟ್ಟುವ ಮುನ್ನ ಚಾರಣದ ಸಂಸ್ಥೆಯವರಿಗೆ ಫೋನು ಮಾಡಿ ಕೇಳುವವರು ಸಾಮಾನ್ಯವಾಗಿ ಊಟದಲ್ಲಿ ಈರುಳ್ಳಿ ಬೆಳ್ಳುಳ್ಳಿ ಇರುತ್ತದೆಯೇ, ಸ್ನಾನಕ್ಕೆ ಬಿಸಿನೀರು ಉಂಟೇ ಎಂದು ವಿಚಾರಿಸುತ್ತಾರೆ. ಕೇಳಲಿ. ಅದರ ಜೊತೆಗೆ, ಹತ್ತು ಸಾವಿರ ಅಡಿಯ ಮೇಲೆ ಎಷ್ಟು ರಾತ್ರಿ, ಯಾವ ಎತ್ತರದಲ್ಲಿ ಮಲಗಿಸುತ್ತೀರಿ, ವಿಶ್ರಾಂತಿಯ ದಿನ ಯಾವುದು, ಗಾಳಿ ಎದ್ದರೆ ಎಷ್ಟು ಗಂಟೆಯ ಮೇಲೆ ಮುಂದೆ ಹೋಗುವುದಿಲ್ಲ ಎಂದು ಕೇಳಬೇಕು. ಮತ್ತೊಂದು ಪ್ರಶ್ನೆ: ನಮ್ಮಿಬ್ಬರಲ್ಲಿ ಒಬ್ಬರು ರಾತ್ರಿ ಎರಡು ಗಂಟೆಗೆ ಇಳಿಯಬೇಕಾದರೆ ಜೊತೆಗೆ ಇಳಿಯುವವರು ಯಾರು, ಅವರು ಹೋದಮೇಲೆ ತಂಡದೊಡನೆ ಎಷ್ಟು ಮಂದಿ ಮಾರ್ಗದರ್ಶಿಗಳು ಉಳಿಯುತ್ತಾರೆ? ಇದಕ್ಕೆ ಆ ಕಡೆಯಿಂದ ನೇರವಾದ ಉತ್ತರ ಬಾರದೆ, ‘ಹಾಗೆಲ್ಲ ಏನೂ ಆಗುವುದಿಲ್ಲ ಸಾರ್’ ಎಂಬ ಸಮಾಧಾನ ಬಂದರೆ, ಆ ವರ್ಷದ ಮಟ್ಟಿಗೆ ವಿಂಧ್ಯಗಿರಿಯೇ ಸಾಕು.